ಮೂರು ಕಿಂಡಿ, ಏಳು ಹೆಂಗಸರು

ಹನ್ನೊಂದು ವರ್ಷ ಮುದ್ದಣ್ಣ ಯಾರನ್ನೂ ಕೇಳದೆ ಮಟ್ಟುವಿನ ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸಿದ್ದ. ಹಲಗೆ ಬಿದ್ದರೆ ಹೊಳೆಯ ಸಿಹಿನೀರು ಒಳಗೆ, ಸಮುದ್ರದ ಉಪ್ಪುನೀರು ಹೊರಗೆ. 2004ರಲ್ಲಿ ಹೊಸ ನಿಯಮ ಬಂತು: ನೀರು ಬಳಸುವವರೆಲ್ಲ ಸಭೆ ಸೇರಿ ಒಪ್ಪದೆ ಹಲಗೆ ಮುಟ್ಟುವಂತಿಲ್ಲ. ಸಭೆಯಲ್ಲಿ ಏಳು ಹೆಂಗಸರು ಇರಲೇಬೇಕು.

ಆ ನಿಯಮದ ಮೊದಲ ಸಭೆಯ ದಿನವೇ ಹುಣ್ಣಿಮೆ. ಮಧ್ಯಾಹ್ನ ಹನ್ನೆರಡಕ್ಕೆ ದೊಡ್ಡ ಉಬ್ಬರ. ಉಪ್ಪುನೀರು ಗದ್ದೆಗೆ ನೀರುಣಿಸುವ ತೋಡು ಹತ್ತಿದರೆ ಮುದ್ದಣ್ಣನ ಎಂಟುನೂರು ಗುಳ್ಳಬದನೆಯ ಸಸಿಗಳು ಬಾಡಿ, ಈ ವರ್ಷದ ಬೆಳೆಯೇ ಮುಗಿದಂತೆ.

ಸಭೆಯನ್ನು ನಂಬಿ ಕೂರುವ ಧೈರ್ಯ ಅವನಿಗಿರಲಿಲ್ಲ. ಗದಗದ ಕಡೆಯಿಂದ ಕೂಲಿಗೆ ಬಂದಿದ್ದ ರೇವಪ್ಪನ ಕಿವಿಯಲ್ಲಿ ಉಸುರಿದ: "ಎಂಟಕ್ಕೆ ಸಭೆ. ಎಲ್ಲರೂ ಅಲ್ಲಿಗೆ ಹೋದ ಮೇಲೆ ಮೂರೂ ಕಿಂಡಿಗೆ ಹಲಗೆ ಇಳಿಸು. ಯಾರಿಗೂ ಕಾಣಬಾರದು, ಆಯ್ತಾ?"

"ಆತ್ರೀ ಧಣೇರ. ಒಂದ್ ಹನಿ ಹೊರಗ ಹೋಗಗೊಡೂದಿಲ್ಲ."

ಹತ್ತಾದರೂ ಸಭೆ ಶುರುವಾಗಲಿಲ್ಲ. ಹೆಂಗಸರು ಆರೇ.

"ಏಳನೆಯವರು?" ಪಂಚಾಯಿತಿ ಕಾರ್ಯದರ್ಶಿ ಪ್ರಫುಲ್ಲಾ ಕೇಳಿದರು.

"ಬರ್ತಾಬಾಯಿ ಹೊಳೆಗೆ ಮರುವಾಯಿ ಚಿಪ್ಪು ಹೆಕ್ಕಲಿಕ್ಕೆ ಹೋಗಿದ್ದಾರೆ," ಎಂದ ಅವರ ನೆರೆಯ ಆಂಟನಿ. "ಇಳಿತದಲ್ಲಿ ತಾನೇ ಚಿಪ್ಪು ಸಿಗುವುದು? ನೀರು ಸೊಂಟಕ್ಕೆ ಬಂದರೆ ಅವರೇ ಬರ್ತಾರೆ."

ಮುದ್ದಣ್ಣ ಕಾದ ಕಾವಲಿಯ ಮೇಲಿನ ನೀರಹನಿಯಂತೆ ಬೆಂಚಿನ ಮೇಲೆ ಚಡಪಡಿಸಿದ. ಹಲಗೆ ಇಷ್ಟರಲ್ಲಿ ಇಳಿದಿರಬೇಕು, ನಿಜ. ಆದರೆ ಸಭೆ ಒಪ್ಪದಿದ್ದರೆ ಎತ್ತಿಸಿಯೇ ಬಿಡುತ್ತಾರೆ.

"ಮೇಬಲ್ ಬಸುರಿ ಅಲ್ವಾ ಮೇಡಂ, ಅವರನ್ನು ಎರಡು ಅಂತ ಬರೆದುಕೊಂಡರೆ?" ಎಂದು ಕೇಳಿದ.

"ಹೊಟ್ಟೆಯಲ್ಲಿರುವುದು ಹೆಣ್ಣೇ ಅಂತ ನಿನಗೆ ಯಾರು ಹೇಳಿದ್ದು ಮಾರಾಯ?" ಮೇಬಲ್ ಗದರಿದಳು.

ಹನ್ನೊಂದಕ್ಕೆ ಬರ್ತಾಬಾಯಿ ಬಂದರು. ಸೀರೆ ಸೊಂಟದವರೆಗೆ ಒದ್ದೆ, ಕಂಕುಳಲ್ಲಿ ಬುಟ್ಟಿ.

"ಹಲಗೆ ಬೇಡ," ಎಂದರು ಕೂರುವ ಮೊದಲೇ. "ಉಪ್ಪುನೀರು ಒಳಗೆ ಬರದಿದ್ದರೆ ಮರುವಾಯಿ ಎಂತ, ಇವನ ಗುಳ್ಳದ ಗಿಡದಲ್ಲಿ ಆಗುತ್ತದಾ?"

ಎರಡು ಗಂಟೆ ವಾದ ನಡೆಯಿತು. ಕೊನೆಗೆ ಕೈ ಎತ್ತಿದವರಲ್ಲಿ ಹಲಗೆಯ ಪರವೇ ಹೆಚ್ಚು. ಬರ್ತಾಬಾಯಿ ಸುಮ್ಮನಾಗಲಾರರೆಂದು ಬಲ್ಲ ಮುದ್ದಣ್ಣ ತಟ್ಟನೆ ಎದ್ದ: "ಇನ್ನೊಂದು ಬರೆಯಿರಿ ಮೇಡಂ. ಹಾಕಿದ ಹಲಗೆಯನ್ನು ಯಾರೂ ತೆಗೆಯುವಂತಿಲ್ಲ. ತೆಗೆಯಬೇಕಾದರೆ ಹದಿನೈದು ದಿನದ ನೋಟೀಸು, ಮತ್ತೆ ಸಭೆ, ಮತ್ತೆ ಏಳು ಹೆಂಗಸರು!" ಅದೂ ಪಾಸಾಯಿತು.

ಎಲ್ಲರೂ ಅಣೆಕಟ್ಟಿಗೆ ನಡೆದರು. ಹಲಗೆ ಆಗಲೇ ಬಿದ್ದಿತ್ತು. ರೇವಪ್ಪ ಮದುಮಗನಂತೆ ಎದೆಯುಬ್ಬಿಸಿ ನಿಂತಿದ್ದ.

"ಎಷ್ಟು ಹೊತ್ತಿಗೆ ಹಾಕಿದೆ?" ಒಳಗಿನ ನೀರಿನ ಮಟ್ಟ ನೋಡಿ ಮುದ್ದಣ್ಣ ಕೇಳಿದ.

"ಎಲ್ಲಾರೂ ಹೋದ ಮ್ಯಾಲ ಅಂದಿದ್ರಲ್ರೀ. ಈ ಬಾಯಾರು ಇಲ್ಲೇ ಕೆಳಗ ಚಿಪ್ಪ ಆರಿಸ್ತಿದ್ರು. ಅವ್ರು ಹೋದ್ರು, ನೋಡ್ತೀನಿ, ಹೊಳಿ ತುಂಬಿ ಒಳಗ ನುಗ್ಗಾಕತ್ತಿತ್ತು! ಪೂರಾ ತುಂಬೂತನಕ ಬಿಟ್ಟು, ಹನ್ನೆರಡಕ್ಕ ಹಲಗಿ ಹಾಕಿ ಹಿಡದೇಬಿಟ್ಟೆ."

ಮಳೆಗೆ ಬಾಯಿಬಿಟ್ಟು ಕಾಯುವ ಸೀಮೆಯವನಿಗೆ ತುಂಬಿ ಬಂದ ನೀರೆಲ್ಲ ಭಾಗ್ಯವೇ. ಮುದ್ದಣ್ಣ ಬೆರಳದ್ದಿ ನೆಕ್ಕಿದ. ಪಕ್ಕಾ ಸಮುದ್ರ. ಹೊರಗೆ ಇಳಿತ ಶುರುವಾಗಿ ಹೊಳೆ ತಗ್ಗುತ್ತಿತ್ತು. ಒಳಗಿನ ಉಪ್ಪುನೀರು ಮಾತ್ರ ಹಲಗೆಗೆ ಒರಗಿಕೊಂಡು, ನೆಂಟರಂತೆ ಸಾವಕಾಶವಾಗಿ ತೋಡಿನತ್ತ ಹೊರಟಿತ್ತು.

ಅವನು ಹಲಗೆಗೆ ಕೈಹಾಕಿದ.

"ಮುಟ್ಟಬೇಡಿ ಮುದ್ದಣ್ಣನವರೇ." ಪ್ರಫುಲ್ಲಾ ಪುಸ್ತಕ ತೆರೆದರು. "ಹದಿನೈದು ದಿನದ ನೋಟೀಸು. ಮಂಡಿಸಿದವರು, ನೀವೇ."

ಬರ್ತಾಬಾಯಿ ಒಳಗಿನ ನೀರನ್ನು ಕಣ್ತುಂಬ ನೋಡಿ ಬುಟ್ಟಿ ಎತ್ತಿಕೊಂಡರು.

"ಮುಂದಿನ ಸಭೆಗೂ ಏಳನೆಯವಳು ನಾನೇ ಅಲ್ವಾ ಮಾರಾಯ? ನೋಡುವ, ಪುರುಸೊತ್ತಾದರೆ ಬರ್ತೇನೆ."