ಬಾನೆಟ್ ಮುಚ್ಚೇತಿ ಅಂದ್ರೂ ಕೇಳದ ಕಾರು

ನಮ್ಮ ಮನೆಯವರು ಅಂಬಿಕಾನಗರದ ವಿದ್ಯುತ್ ಕೇಂದ್ರದಲ್ಲಿ ಕಂಟ್ರೋಲ್ ರೂಮಿನವರು. ಅಲ್ಲಿ ಯಾವ ಯಂತ್ರ ಕುಂಯ್ ಎಂದರೂ ಕಾರಣ ತಿಳಿಯುವ ತನಕ ಬಿಡುವಂತಿಲ್ಲ. ಆ ಚಾಳಿ ಮನೆಗೂ ಬಂದಿರುವುದರಿಂದ ಕುಕ್ಕರ್ ಕೂಗಿದರೂ ನಮ್ಮಲ್ಲೊಂದು ಪ್ರಸಂಗವಾಗುತ್ತದೆ. ಕಾರು ಬಂದ ಮೇಲಂತೂ ಕೇಳಲೇಬೇಡಿ.

೧. ಕಾರಿಗೆ ಕಾಣುವುದೇನು

ಹಳಿಯಾಳದಲ್ಲಿ ಅಣ್ಣನ ಮಗಳ ನಿಶ್ಚಯ. ಸೋದರತ್ತೆಯಾದ ನಾನು ಉಡಿ ತುಂಬಬೇಕು, ಮುಹೂರ್ತದೊಳಗೆ ಮುಟ್ಟಲೇಬೇಕು. ಕಾಲೊನಿ ದಾಟಿದ್ದೇ ತಡ, ಕಾರು ಬೀಪ್ ಬೀಪ್ ಎಂದಿತು. ಬಾನೆಟ್ ತೆರೆದಿರುವ ಚಿತ್ರದ ಕೆಂಪು ದೀಪ ಹತ್ತಿತು. ಇವರು ಇಳಿದು ನೋಡಿದರೆ ಮುಚ್ಚಿಯೇ ಇದೆ. ಕಾರಿಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ, ನನಗೂ ಕುತೂಹಲ. ಕೊಂಡಿಯ ಹತ್ತಿರ ಒಂದು ಸಣ್ಣ ಸ್ವಿಚ್ ಇರುತ್ತದಂತೆ. ಕೊಂಡಿ ಪೂರ್ತಿ ಕೂತರೆ ಅದು ಒತ್ತಿಕೊಳ್ಳುತ್ತದಂತೆ. ಕಾರಿಗೆ ಬಾನೆಟ್ ಕಾಣುವುದಿಲ್ಲ, ಸ್ವಿಚ್ಚಿನ ಸುದ್ದಿ ಮಾತ್ರ ಮುಟ್ಟುತ್ತದಂತೆ.

"ನಿಮ್ಮಂಗ ಐತಿ ಬಿಡ್ರಿ," ಎಂದೆ. "ನನ್ನ ಮಾರಿ ಕಾಣಂಗಿಲ್ಲ, ಊಟಕ್ಕ ಕರದ್ರ ಅಷ್ಟ ತಿಳೀತೈತಿ."

೨. ದಾಂಡೇಲಿಯಲ್ಲಿ

ದಾಂಡೇಲಿ ಬರುವಷ್ಟರಲ್ಲಿ ನಿಲ್ಲಿಸಿ ನಿಲ್ಲಿಸಿ, ದಡ್ ದಡ್ ಎಂದು ಮುಚ್ಚಿದ್ದಾಯಿತು. ಅಣ್ಣನ ಫೋನು ಮೇಲಿಂದ ಮೇಲೆ. ಹಾಗೇ ಹೋಗೋಣ ಎಂದರೆ, ಕೊಂಡಿ ನಿಜಕ್ಕೂ ಕೂತಿರದಿದ್ದರೆ ಓಡುವಾಗ ಬಾನೆಟ್ ಎದ್ದು ಗಾಜಿಗೆ ಬಡಿಯುತ್ತದೆ ಎಂದರು. ಅದೂ ಖರೆಯೇ. ಕೊನೆಗೆ ನಾನೇ ಇಳಿದು ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ಒತ್ತಿದೆ. ದೀಪ ಆರಿತು ಎಂದರು ಒಳಗಿಂದ. ಕೈ ತೆಗೆದೆ, ಹತ್ತಿತು ಎಂದರು. ಅಂದರೆ ಕೊಂಡಿಗೆ ಏನೋ ಅಡ್ಡ ಬಂದಿದೆ. ತೆರೆದು ಬೆರಳು ಹಾಕಿದರೆ, ಮಹಾನವಮಿಯ ಖಂಡೆ ಪೂಜೆಗೆ ಕಾರಿಗೆ ಕಟ್ಟಿದ್ದ ಚೆಂಡುಹೂವಿನ ಮಾಲೆಯ ದಾರ, ವಿಭೂತಿ ಕುಂಕುಮ ಮೆತ್ತಿ ಗಟ್ಟಿಯಾಗಿ ಕೂತಿತ್ತು. ಅದನ್ನು ಕಿತ್ತು ಮುಚ್ಚಿದೆ, ದೀಪ ಆರಿತು. ಮಾಲೆ ಕಟ್ಟಿದವರು ಇವರೇ.

"ಬಿಚ್ಚಿ ಬೀಳಬಾರ್ದಂತ ನಾಕ ಗಂಟ ಹಾಕಿದ್ದೆ," ಎಂದರು, ಅಭಿಮಾನದಿಂದ.

೩. ನಿಶ್ಚಯದ ಮನೆಯಲ್ಲಿ

ಹಳಿಯಾಳ ಮುಟ್ಟಿದಾಗ ಶಾಸ್ತ್ರ ಮಾಡಿಸುವ ಅಯ್ಯನವರು ಗಡಿಯಾರ ನೋಡುತ್ತಿದ್ದರು. ನಾನು ಉಡಿಯ ಸಾಮಾನು ಹಿಡಿದು ಒಳಗೆ ಓಡಿದೆ. ಬಾಗಿಲಲ್ಲಿ ಬೀಗರು ಇವರನ್ನು ತಡವೇಕೆಂದು ಕೇಳಿದ್ದೇ ತಪ್ಪಾಯಿತು. ಇವರು ಬಾನೆಟ್ ಎತ್ತಿ ತೋರಿಸತೊಡಗಿದರು. ಒಬ್ಬೊಬ್ಬರಾಗಿ ಗಂಡಸರೆಲ್ಲ ಹೊರಗೆ ಹೋದರು. ಹುಡುಗಿ ಬಂದು ಮಣೆಯ ಮೇಲೆ ಕೂತರೆ ಪಕ್ಕದ ಮಣೆ ಖಾಲಿ. ಹೊರಗೆ ವರ ಬೆರಳಿನಿಂದ ಸ್ವಿಚ್ ಒತ್ತುತ್ತಿದ್ದ, ಇವರು ಸೀಟಿನಲ್ಲಿ ಕೂತು "ಆರೇತಿ, ಹತ್ತೇತಿ" ಎಂದು ವರದಿ ಕೊಡುತ್ತಿದ್ದರು. ಮುಹೂರ್ತ ಮೀರುತ್ತದೆಂದು ಅಣ್ಣ ಕರೆಯಲು ಒಬ್ಬೊಬ್ಬರನ್ನೇ ಕಳಿಸಿದ. ಕರೆಯಲು ಹೋದವರೂ ಅಲ್ಲೇ ಬಗ್ಗಿ ನಿಂತರು.

ಕೊನೆಗೆ ಹುಡುಗಿಯೇ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು. ಎಂಜಿನ್ನಿನ ಮೇಲೆ ಬಗ್ಗಿದ್ದ ವರನನ್ನು ಮೆಲ್ಲಗೆ ಕೇಳಿದಳು:

"ನಿಶ್ಚಯ ನನ್ನ ಜೋಡಿ ಐತೋ, ಇದರ ಜೋಡಿ ಐತೋ? ಇದರ ಜೋಡಿ ಇದ್ರ ಹೇಳ್ರಿ, ಸೋದರತ್ತಿಗೆ ಹೇಳಿ ಉಡಿ ಇದಕ್ಕ ತುಂಬಸ್ತೇನಿ."