ಅಳಿಯನ ಜಿಂಕೆ, ಯಜಮಾನರ ಗೋಡೆ

ಅದಕ್ಕೆ ಕನ್ನಡದಲ್ಲಿ ಒಂದು ಹೆಸರಿತ್ತು. ಹೇಸ... ಹೇಸರ... ಕುದುರೆಯೂ ಅಲ್ಲದ, ಕತ್ತೆಯೂ ಅಲ್ಲದ, ಎರಡರ ನಡುವಿನ ಪ್ರಾಣಿ. ನಾನು ಹುಟ್ಟಿದ್ದು ತಿಪಟೂರಿನಲ್ಲಿ. ದೆಹಲಿಗೆ ಬಂದು ಐವತ್ತು ವರ್ಷವಾಯಿತು, ಈಗ ಬಾಯಿಗೆ ಬರುವುದು ‘ಖಚ್ಚರ್’ ಒಂದೇ. ಹಾಂ, ಹೇಸರಗತ್ತೆ. ಅಮೆರಿಕದ ಎತ್ತರದ ಬೆಟ್ಟಗಳಲ್ಲಿ ಹೇಸರಗತ್ತೆಯಂಥ ಕಿವಿಯ ಜಿಂಕೆ ಇದೆಯಂತೆ, ಮ್ಯೂಲ್ ಡೀರ್ ಅಂತ. ತನ್ನ ಪಾಡಿಗೆ ಮೇಯುವ ಆ ಬಡಪಾಯಿಗೂ ನೋಯ್ಡಾದ ಹದಿನಾರನೇ ಮಹಡಿಯಲ್ಲಿ ಸಾರು ಕುದಿಸುವ ನನಗೂ ಏನು ಸಂಬಂಧ ಎಂದು ಕೇಳಬೇಡಿ. ನಮ್ಮ ಅಳಿಯ ಇರುವ ಮನೆಯಲ್ಲಿ ಇಂಥ ಸಂಬಂಧಗಳು ವರ್ಷಕ್ಕೊಂದಾದರೂ ಕುದುರುತ್ತಲೇ ಇರುತ್ತವೆ.

ವರ್ಗಾವಣೆ

ಅಳಿಯ ಓಖ್ಲಾದ ಒಂದು ಗಾರ್ಮೆಂಟ್ ಕಂಪನಿಯಲ್ಲಿ ಮ್ಯಾನೇಜರ್. ಅಲ್ಲಿ ಅಮೆರಿಕದ ಬೇಟೆಗಾರರಿಗೆ ಜಾಕೆಟ್ ಹೊಲಿಯುತ್ತಾರೆ. ಅದನ್ನು ಕೊಳ್ಳುವ ಅಮೆರಿಕದ ವ್ಯಾಪಾರಿ ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬಂದವನು, ಕೈ ತೊಳೆಯುತ್ತಾ, “ನೀನೂ ಒಮ್ಮೆ ನಮ್ಮ ಬೆಟ್ಟಕ್ಕೆ ಬಂದು ಜಿಂಕೆ ಹೊಡಿ” ಎಂದ. ಊರ ಕಡೆ ಬಂದರೆ ಮನೆಗೆ ಬನ್ನಿ ಎಂದು ನಾವು ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತೇವಲ್ಲ, ಹಾಗೆ. ಅಳಿಯ ಅದನ್ನು ನಿಜವೆಂದುಕೊಂಡರು.

ಲೈಸೆನ್ಸಿಗೆ ಅಲ್ಲಿ ಚೀಟಿ ಎತ್ತುತ್ತಾರಂತೆ. ಇಲ್ಲಿ ಸರ್ಕಾರಿ ಫ್ಲ್ಯಾಟಿಗೆ ಮೂರು ಸಲ ಎತ್ತಿದರೂ ಬಾರದ ಅಳಿಯನ ಹೆಸರು ಜಿಂಕೆಗೆ ಮೊದಲ ಸಲವೇ ಬಂತು. ಅದುವರೆಗೆ ಅವರು ಕೈಯಲ್ಲಿ ಹಿಡಿದಿದ್ದ ಅತಿ ದೊಡ್ಡ ಆಯುಧ ಸೊಳ್ಳೆ ಬ್ಯಾಟು. ಮಾಂಸದ ಮಾತಿಗೆ ಬಂದರೆ, ಮೊಟ್ಟೆಯನ್ನು ಕೂಡ ಆಫೀಸಿನಲ್ಲಿ ಮಾತ್ರ ತಿನ್ನುವವರು.

“ಹೊಡೆದು ಏನು ಮಾಡ್ತೀರಿ? ತಿನ್ನೋರು ಯಾರು?” ಎಂದು ಕೇಳಿದೆ.

“ಮಾಂಸ ಅವರಿಗೆ, ಅತ್ತೆ. ತಲೆ ನಮಗೆ. ಕೊಂಬಿನ ಸಮೇತ ಗೋಡೆಗೆ ಹಾಕೋದು.”

ನಮ್ಮ ಹಾಲಿನಲ್ಲಿ ನೆಟ್ಟಗಿರುವ ಗೋಡೆ ಒಂದೇ. ಅಲ್ಲಿ ಗಂಧದ ಹಾರ ಹಾಕಿಸಿಕೊಂಡು ನಮ್ಮ ಯಜಮಾನರ ಫೋಟೋ ಇದೆ. ಅಳಿಯ ಟೇಪು ತಂದು ಫೋಟೋದ ಸುತ್ತ ಅಳತೆ ತೆಗೆದರು. ನನ್ನ ಮುಖ ನೋಡದೆ, “ಮಾವನವರನ್ನ ಸ್ವಲ್ಪ ಪಕ್ಕಕ್ಕೆ ಸರಿಸಿದ್ರೆ ಆಯ್ತು” ಎಂದರು.

“ಯಾವ ಪಕ್ಕಕ್ಕೆ?”

“ಫ್ರಿಜ್ ಪಕ್ಕ. ಅಲ್ಲಿ ಬೆಳಕು ಚೆನ್ನಾಗಿದೆ.”

ಯಜಮಾನರು ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿದ್ದು, ಊರ ಕಡೆಗೆ ವರ್ಗ ಮಾಡಿಸಿಕೊಳ್ಳಲು ಮೂವತ್ತು ವರ್ಷ ಅರ್ಜಿ ಹಾಕಿದರು. ಒಂದು ಸಲವೂ ಸಿಗಲಿಲ್ಲ. ಹೋದ ಮೇಲೆ ಅರ್ಜಿಯೇ ಇಲ್ಲದೆ ಫ್ರಿಜ್ ಪಕ್ಕಕ್ಕೆ ಆರ್ಡರ್ ಬಂತು, ಜಿಂಕೆಯ ತಲೆ ಬಂದ ದಿನದಿಂದ ಜಾರಿ.

ಮೆಟ್ಟಿಲ ಬೆಟ್ಟ

ಜಿಂಕೆ ಇರುವುದು ಮರಗಳೇ ಬೆಳೆಯದಷ್ಟು ಎತ್ತರದ ಕಡಿದಾದ ಬೆಟ್ಟದಲ್ಲಂತೆ. ಅಲ್ಲಿ ಉಸಿರಿಗೆ ಗಾಳಿ ಸಾಲದು, ಅಭ್ಯಾಸ ಮಾಡಿಕೊಳ್ಳಬೇಕು ಎಂದರು ಅಳಿಯ. ಪ್ರತಿ ವರ್ಷ ದೀಪಾವಳಿಯಿಂದ ಸಂಕ್ರಾಂತಿಯವರೆಗೆ ದೆಹಲಿಯಲ್ಲಿ ಉಸಿರಾಡಿದವರಿಗೆ ಬೇರೆ ಅಭ್ಯಾಸ ಯಾಕೆ ಬೇಕೋ ನನಗೆ ತಿಳಿಯಲಿಲ್ಲ.

ದಿನಾ ಬೆಳಗ್ಗೆ ಬೆನ್ನಿಗೆ ಹತ್ತು ಕಿಲೋ ಗೋಧಿ ಹಿಟ್ಟಿನ ಚೀಲ ಕಟ್ಟಿಕೊಂಡು ಹದಿನಾರು ಮಹಡಿ ಹತ್ತುವುದು ಶುರುವಾಯಿತು. ಮೊದಲ ದಿನ ಜನ ಲಿಫ್ಟ್ ಕೆಟ್ಟಿದೆ ಎಂದುಕೊಂಡು ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಜಗಳವಾಡಿದರು. ಎರಡನೇ ದಿನ ವಿಷಯ ಗೊತ್ತಾಯಿತು. ಮೂರನೇ ದಿನ ಹದಿಮೂರನೇ ಮಹಡಿಯ ನಿವೃತ್ತ ಅಂಕಲ್ ಕೆಳಗೆ ಕಾದು ನಿಂತಿದ್ದರು.

“ಬೇಟಾ, ನಿನಗೆ ಭಾರ ಬೇಕಂತಲ್ಲ. ಹೇಗೂ ಮೇಲೆ ಹೋಗ್ತಿದ್ದೀಯ,” ಎಂದು ಆಲೂಗಡ್ಡೆ ಚೀಲ ಕೊಟ್ಟರು.

ಅಳಿಯನಿಗೆ ಇಲ್ಲ ಎನ್ನಲು ಬರುವುದಿಲ್ಲ. ತಿಂಗಳು ಮುಗಿಯುವ ಹೊತ್ತಿಗೆ ಜಿಂಕೆ ಇನ್ನೂ ಎಲ್ಲೋ ದೂರದಲ್ಲಿತ್ತು, ನಮ್ಮ ಟವರಿನ ಈರುಳ್ಳಿ, ಆಲೂಗಡ್ಡೆ ಮಾತ್ರ ಒಂದೂ ಲಿಫ್ಟಿನಲ್ಲಿ ಹೋಗುತ್ತಿರಲಿಲ್ಲ.

ಹನ್ನೊಂದು ಜೇಬು

ಬೇಟೆಗೆ ಅಳಿಯ ತಮ್ಮದೇ ಕಂಪನಿಯ ಜಾಕೆಟ್ ತಂದರು. ಬಂಡೆಯ ಬಣ್ಣ, ಹನ್ನೊಂದು ಜೇಬು. “ಇದನ್ನ ಹಾಕ್ಕೊಂಡು ಕೂತ್ರೆ ಯಾರ ಕಣ್ಣಿಗೂ ಬೀಳಲ್ಲ ಅತ್ತೆ. ಇಡೀ ಇಂಡಿಯಾದಲ್ಲಿ ಇದು ಬೇರೆ ಯಾರ ಹತ್ರಾನೂ ಇಲ್ಲ.”

ಅದೇ ಶನಿವಾರ ಮೊಮ್ಮಗಳ ಜೊತೆ ಸರೋಜಿನಿ ನಗರ ಮಾರ್ಕೆಟ್ಟಿಗೆ ಹೋದರೆ, ಅದೇ ಜಾಕೆಟ್ಟು ಒಂದೊಂದು ಗುಂಡಿ ಕಳೆದುಕೊಂಡು ರಾಶಿ ಬಿದ್ದಿತ್ತು. “ಲೇ ಲೋ ಅಮ್ಮಾಜಿ, ಎಕ್ಸ್‌ಪೋರ್ಟ್ ಕಾ ಮಾಲ್” ಎಂದು ಮಾರುವ ಭಯ್ಯಾ ಒಂದನ್ನು ಕೈಗೆ ಹಿಡಿಸಿದ. ಮನೆಗೆ ಬಂದಾಗ ನಮ್ಮ ಗೇಟಿನ ಗಾರ್ಡು ಅದನ್ನೇ ತೊಟ್ಟು ಕೂತಿದ್ದ. ದೂರದಿಂದಲೇ ಚೆನ್ನಾಗಿ ಕಾಣುತ್ತಿದ್ದ.

ಆಮೇಲೆ ವ್ಯಾಪಾರಿಯ ಫೋನು ಬಂತು. ಆ ಜಿಂಕೆಯ ಮೂಗು ಬಹಳ ಚುರುಕಂತೆ, ಬಟ್ಟೆಗಾಗಲಿ ಮೈಗಾಗಲಿ ಯಾವ ವಾಸನೆಯೂ ಇರಕೂಡದಂತೆ. ಮಗಳು ಜಾಕೆಟ್ಟನ್ನು ಅಡುಗೆ ಸೋಡಾದಲ್ಲಿ ಒಗೆದು, ಚಳಿಗಾಲ ಮುಗಿದ ಮೇಲೆ ರಜಾಯಿ ಇಡುತ್ತೇವಲ್ಲ, ಗಾಳಿ ಎಳೆದು ಮುಚ್ಚುವ ಪ್ಲಾಸ್ಟಿಕ್ ಚೀಲ, ಅದರಲ್ಲಿ ಭದ್ರ ಮಾಡಿದಳು. ಅಳಿಯ ಎರಡು ವಾರ ಸೋಪು ಮುಟ್ಟಲಿಲ್ಲ. ಏಳು ಸಮುದ್ರದಾಚೆಯ ಜಿಂಕೆಗೆ ತೊಂದರೆಯಾಗಬಾರದೆಂದು ಅಷ್ಟು ಕಾಳಜಿ. ಲಿಫ್ಟಿನಲ್ಲಿ ಜೊತೆಗೆ ಬರುವವರ ಮೂಗಿನ ಬಗ್ಗೆ ಯಾರೂ ಫೋನು ಮಾಡಲಿಲ್ಲ.

ಗಾಳಿ ಮೇಲಕ್ಕೆ

ಹೊರಡುವ ಹಿಂದಿನ ದಿನ ಅಳಿಯ ಫೋಟೋದ ಪಕ್ಕದಲ್ಲಿ ಒಂದು ದಪ್ಪ ಕೊಕ್ಕೆ ಹೊಡೆದರು. ಗೋಡೆ ನಡುಗಿ ಯಜಮಾನರ ಹಾರ ಜಾರಿತು. ಅದನ್ನು ಸರಿಮಾಡಿ ಬಂದು ನಾನು ನನ್ನ ಕೆಲಸ ನೋಡಿಕೊಂಡೆ.

ನನ್ನ ಕೆಲಸವೆಂದರೆ ಚಟ್ನಿಪುಡಿ. ತಿಪಟೂರಿನ ಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ, ಕೈ ಬಿಚ್ಚಿ ಇಂಗು. ನಮ್ಮಲ್ಲಿ ಮನೆಯಿಂದ ದೂರ ಹೊರಟವರನ್ನು ಚಟ್ನಿಪುಡಿ ಇಲ್ಲದೆ ಕಳಿಸುವುದುಂಟೇ? ಪೆಟ್ಟಿಗೆಯಲ್ಲಿ ಜಾಗವಿರಲಿಲ್ಲ. ಹನ್ನೊಂದು ಜೇಬು ಖಾಲಿ ಹೋಗುತ್ತಿದ್ದವು. ರಜಾಯಿ ಚೀಲ ಬಿಚ್ಚಿ, ಜೇಬಿಗೊಂದರಂತೆ ಪೊಟ್ಟಣವಿಟ್ಟು, ಮೊದಲಿನ ಹಾಗೇ ಗಾಳಿ ಎಳೆದು ಮುಚ್ಚಿದೆ. ಅಚ್ಚುಕಟ್ಟು ಎಂದರೆ ಅಚ್ಚುಕಟ್ಟು.

ಮುಂದಿನದನ್ನು ವಾಪಸು ಬಂದ ಅಳಿಯನ ಬಾಯಿಂದಲೇ ಕೇಳಿದ್ದು. ಬೆಟ್ಟದ ಬುಡದಲ್ಲಿ ಚೀಲ ತೆರೆದಾಗ ಗೈಡು ಎರಡು ಹೆಜ್ಜೆ ಹಿಂದೆ ಸರಿದನಂತೆ. ಅಳಿಯನಿಗೆ ಏನೂ ಗೊತ್ತಾಗಲಿಲ್ಲ, ಅದು ಮನೆಯ ವಾಸನೆ ತಾನೇ. ಬಂಡೆ ಬಣ್ಣದ ಜಾಕೆಟ್ಟಿನ ಮೇಲೆ, ಬೇರೆ ಬೇಟೆಗಾರರು ಗುಂಡು ಹಾರಿಸಿಬಿಡಬಾರದೆಂದು, ಕಾನೂನಿನ ಪ್ರಕಾರ ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿ ಹಾಕಿಸಿದರು, ನಮ್ಮಲ್ಲಿ ಮೆಟ್ರೋ ಕೆಲಸದವರು ಹಾಕುತ್ತಾರಲ್ಲ, ಅಂಥದ್ದು. ಮೂರು ದಿನ ಹತ್ತಿದರು. ಡೇರೆಯಲ್ಲಿ ಒಣ ಮಾಂಸ ಬಿಟ್ಟರೆ ಬ್ರೆಡ್ಡು. ಜೇಬಿನ ಪುಡಿ ಜೀವ ಉಳಿಸಿತು.

ನಾಲ್ಕನೇ ದಿನ ಬೆಳಗ್ಗೆ ಮೇಲಿನ ಬಂಡೆಯ ನೆರಳಲ್ಲಿ ಗಂಡು ಜಿಂಕೆಯೊಂದು ಮಲಗಿರುವುದು ಕಂಡಿತು. ಕೊಂಬು ನಮ್ಮ ಬಾಲ್ಕನಿಯ ಬಟ್ಟೆ ಸ್ಟ್ಯಾಂಡಿನಷ್ಟು ಅಗಲ. ಅಳಿಯ ಹೊಟ್ಟೆಯ ಮೇಲೆ ತೆವಳಿ ತೆವಳಿ ಇನ್ನೂರು ಹೆಜ್ಜೆ ದೂರದವರೆಗೆ ಹೋದರು. ಬಂದೂಕು ಎತ್ತಿದರು. ಅಷ್ಟರಲ್ಲಿ ಬಿಸಿಲು ಬಿತ್ತು. ಬೆಟ್ಟದಲ್ಲಿ ಬಿಸಿಲು ಬಿದ್ದರೆ ಗಾಳಿ ಕೆಳಗಿನಿಂದ ಮೇಲಕ್ಕೆ ಹತ್ತುತ್ತದಂತೆ. ಈ ಸಲ ಗಾಳಿ ಒಬ್ಬಂಟಿಯಾಗಿ ಹತ್ತಲಿಲ್ಲ, ಜೊತೆಗೆ ನನ್ನ ಇಂಗೂ ಹತ್ತಿತು.

“ಮೂಗು ಎತ್ತಿತು ಅತ್ತೆ. ಒಂದು ಸಲ ಸೀನಿತು. ಆಮೇಲೆ ನಾಲ್ಕೂ ಕಾಲು ಒಟ್ಟಿಗೆ ಎತ್ತಿ ಸ್ಪ್ರಿಂಗ್ ಥರ ಹಾರಿ ಹೋಗಿಬಿಡ್ತು.”

“ಅಯ್ಯೋ ಪಾಪ,” ಎಂದೆ. ಯಾರಿಗೆ ಎಂದು ಅವರು ಕೇಳಲಿಲ್ಲ.

“ಗೈಡ್ ಹೇಳಿದ, ಆ ಜಿಂಕೆಗೆ ಕರಡಿ ವಾಸನೆ ಗೊತ್ತು, ಮನುಷ್ಯರ ವಾಸನೆ ಗೊತ್ತು. ಇದ್ಯಾವುದು ಅಂತ ಅದಕ್ಕೂ ಗೊತ್ತಿಲ್ಲ, ತನಗೂ ಗೊತ್ತಿಲ್ಲ ಅಂತ. ಆಮೇಲೆ ಉಳಿದ ಪೊಟ್ಟಣ ಎಲ್ಲಾ ಅವನೇ ಬ್ರೆಡ್ಡಿಗೆ ಹಚ್ಚಿ ತಿಂದ.”

ಕೊಕ್ಕೆ ಬರಿದಾಗಿ ಉಳಿಯಿತು. ಈಗ ಅದಕ್ಕೆ ನನ್ನ ಕೊಡೆ ನೇತು ಹಾಕುತ್ತೇನೆ. ಯಜಮಾನರು ಇದ್ದಲ್ಲೇ ಇದ್ದಾರೆ.

ಆದರೆ ನಿನ್ನೆ ಸಂಜೆ ಅಳಿಯ ಚಹಾ ಹೀರುತ್ತಾ ಗೋಡೆಯನ್ನೇ ನೋಡುತ್ತಿದ್ದರು. “ಮುಂದಿನ ವರ್ಷಕ್ಕೂ ಅರ್ಜಿ ಹಾಕಿದೀನಿ ಅತ್ತೆ. ಗೈಡಿಗೆ ಒಂದು ಕಿಲೋ ಚಟ್ನಿಪುಡಿ ಬೇಕಂತೆ, ತರಲೇಬೇಕು ಅಂದಿದಾನೆ. ಆದ್ರೆ ಈ ಸಲ ದಯವಿಟ್ಟು ಇಂಗು ಹಾಕಬೇಡಿ.”

“ಆಗಲಿ ಅಳಿಯಂದ್ರೇ. ನೀವು ಹೇಳಿದ ಮೇಲೆ ಮುಗೀತು,” ಎಂದೆ.

ಅವರು ಎದ್ದು ಹೋದ ಮೇಲೆ ಮೊಮ್ಮಗಳನ್ನು ಕರೆದೆ. “ಪುಟ್ಟೀ, ಪೆನ್ನು ತಗೊಂಡು ಬಾ. ನನಗೀಗ ಮರೆವು ಜಾಸ್ತಿ, ಪುಡಿಯ ಅಳತೆ ಬರೆದಿಡು. ಕೊಬ್ಬರಿ ಆರು ಗಿಟುಕು. ಮೆಣಸಿನಕಾಯಿ ನಾಲ್ಕು ಹಿಡಿ. ಇಂಗು...”

“ಪಾಪಾ ನೇ ಇಂಗು ಮನಾ ಕಿಯಾ ನಾ, ಅಜ್ಜಿ? ಬೇಡ ಅಂದ್ರಲ್ಲ?”

ನಾನು ಗೋಡೆಯ ಮೇಲಿನ ಯಜಮಾನರನ್ನು ಒಮ್ಮೆ ನೋಡಿದೆ.

“ಹೋದ ಸಲದ್ದರ ಎರಡರಷ್ಟು ಅಂತ ಬರಿ.”