ನೀಲಿ ಹೂವಿನ ಗಿರಾಕಿಗಳು

ಅರವತ್ತೆಂಟು ವರ್ಷವಾಗುವವರೆಗೆ ನನ್ನ ಸೋದರಮಾವನಿಗೆ ಗೊತ್ತಿದ್ದ ಒಂದೇ ಹೂವೆಂದರೆ ಹೂಕೋಸು. ಉತ್ಪ್ರೇಕ್ಷೆ ಎನ್ನುತ್ತೀರಾ? ಪುರಸೈವಾಕ್ಕಂನ ಉಡುಪಿ ಹೋಟೆಲೊಂದರಲ್ಲಿ ನಲವತ್ತು ವರ್ಷ ದೋಸೆಕಲ್ಲಿನ ಮುಂದೆ ನಿಂತವರು ಅವರು. ಅತ್ತೆಗೆ ಒಂದು ಮೊಳ ಮಲ್ಲಿಗೆ ತಂದುಕೊಟ್ಟದ್ದನ್ನು ನಾನಂತೂ ನೋಡಿಲ್ಲ. ಅಂಥವರು ಚೆನ್ನೈ ಬಿಸಿಲಿನಲ್ಲಿ ಬೀಜದಿಂದ ಹೂಗಿಡ ಎಬ್ಬಿಸಲು ಹೊರಟರು. ಅದೂ ನೀಲಿಯೇ ಆಗಬೇಕು!

ಕಾರಣ ಅತ್ತೆ. ಪಾರ್ಶ್ವವಾಯು ಬಡಿದು ಅವರು ಹಾಸಿಗೆ ಹಿಡಿದಿದ್ದರು, ಮಾತು ತೊದಲಾಗಿತ್ತು. ಮೊದಲ ತಿಂಗಳು ನೆಂಟರು ಹಣ್ಣು ಹಿಡಿದು ಬಂದರು. ಆಮೇಲೆ ಫೋನ್ ಬಂತು. ಆಮೇಲೆ ಅದೂ ನಿಂತಿತು. ಊರಿನ ಇನ್ನೊಂದು ತುದಿಯ ಶೋಳಿಂಗನಲ್ಲೂರಿನಲ್ಲಿ ಕೆಲಸ ಮಾಡುವ ನಾನೂ ಟ್ರಾಫಿಕ್ಕಿನ ನೆಪ ಹೇಳಿದವಳೇ. ಒಂದು ದಿನ ಅತ್ತೆ ಕಷ್ಟಪಟ್ಟು ಕೇಳಿದರಂತೆ, "ಯಾರೂ... ಬರುವುದಿಲ್ಲವಾ?"

ಗಿರಾಕಿ ಬಾರದಿದ್ದರೆ ತಪ್ಪು ಹೋಟೆಲಿನದು ಎಂಬುದು ಮಾವನ ಸಿದ್ಧಾಂತ. ನೆಂಟರು ಬಾರದಿದ್ದರೆ ಜೇನುನೊಣಗಳಾದರೂ ಬರಲಿ; ಅವಕ್ಕೆ ನೀಲಿ ಇಷ್ಟವೆಂದು ಯಾರೋ ಹೇಳಿದ್ದೇ ತಡ, ವಿಷ್ಣುಕ್ರಾಂತಿಯ ಬೀಜಗಳನ್ನು ಮರಳುಕಾಗದಕ್ಕೆ ಉಜ್ಜಿ, ಬೆಚ್ಚಗಿನ ನೀರಲ್ಲಿ ನೆನೆಸಿ, ದೋಸೆಹಿಟ್ಟು ಹುಳಿ ಬರಲು ಕಾದಂತೆ ಕಾದರು. "ವರ್ಷಗಟ್ಟಲೆ ಬಾಳುವಂಥ ಗಿಡ ಬೇಕು. ಒಂದು ಸೀಸನ್ನಿಗೆ ಹೋಗುವಂಥದ್ದು ಬೇಡ," ಎಂದರು, ಅತ್ತೆಯ ಕಡೆ ನೋಡದೆ.

ನೀಲಿ ಸಾಲ್ವಿಯಾದ ಬೀಜವನ್ನು ಅಡುಗೆಮನೆಯ ಡಬ್ಬಿಯಲ್ಲಿಟ್ಟಿದ್ದರು. ಅಪರೂಪಕ್ಕೆ ಹೋದ ನಾನು ಸಾರಿಗೆ ಅದರಲ್ಲೇ ಒಗ್ಗರಣೆ ಹಾಕಿದೆ.

"ಸಾಸಿವೆ ಸಿಡಿಯುವುದೇ ಇಲ್ಲವಲ್ಲ ಮಾವ?"

"ಅದು ಸಿಡಿಯುವ ಜಾತಿ ಅಲ್ಲ ಮಾರಾಯ್ತಿ. ಮೊಳೆಯುವ ಜಾತಿ."

ಅತ್ತೆ ಅರ್ಧ ಬಾಯಲ್ಲಿ ನಕ್ಕರು. ಮಾವ ಆ ಸಾರನ್ನು ಎರಡು ಸಲ ಬಡಿಸಿಕೊಂಡರು.

ಅಂತೂ ಅತ್ತೆಯ ಕೋಣೆಯ ಕಿಟಕಿಯಾಚೆ, ಗ್ರಿಲ್ಲಿನ ತಳದಲ್ಲಿ ಕುಂಡದ ಗಿಡಗಳು ಸಾಲಾಗಿ ಹೂ ಬಿಟ್ಟವು. ಮಾವ ಬೆಳಿಗ್ಗೆಯೇ ಕಿಟಕಿಯಲ್ಲಿ ನಿಂತು ವರದಿ ಶುರುಮಾಡುತ್ತಿದ್ದರು. "ಬಂದ ನೋಡು, ಹೊಟ್ಟೆಗೆ ನೀಲಿ ಪಟ್ಟಿಯವ. ಇವನಿಗೆ ಪಾರ್ಸೆಲ್ ಆಗುವುದಿಲ್ಲ, ಇಲ್ಲೇ ಕುಡಿಯಬೇಕು." ಮಧ್ಯಾಹ್ನ ವಿಷ್ಣುಕ್ರಾಂತಿ ಮುಚ್ಚಿಕೊಂಡರೆ, "ಟಿಫನ್ ಮುಡಿಂಜಾಚು, ಮುಗಿಯಿತು. ಇನ್ನು ನಾಳೆ." ಅತ್ತೆ ಕಿಟಕಿಯಿಂದ ಕಣ್ಣು ತೆಗೆಯುತ್ತಿರಲಿಲ್ಲ.

ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ತಕರಾರು ತಂದರು. "ತೇನೀ ಕೊಟ್ಟುಂ ಸಾರ್, ಎಲ್ಲಾಂ ಎಡುತ್ತುಡುಂಗ." ಜೇನು ಕಚ್ಚುತ್ತದೆ, ಎಲ್ಲ ತೆಗೆಯಿರಿ ಎಂದು. ಮಾವ ವಾದಿಸಲಿಲ್ಲ. ಅವರನ್ನು ಅತ್ತೆಯ ಮಂಚದ ಪಕ್ಕ ಕೂರಿಸಿ ಕಾಫಿ ಕೊಟ್ಟು, "ನೀಂಗಳೇ ಇವಳ ಹತ್ತಿರ ಸೊಲ್ಲುಂಗೋ," ನೀವೇ ಇವಳಿಗೆ ಹೇಳಿ, ಎಂದರು. ಅವರು ಕಾಫಿ ಕುಡಿದು, ಹೂವು ಚೆನ್ನಾಗಿದೆ ಎಂದು ಹೇಳಿ ಹೋದರು.

ಒಂದೂವರೆ ವರ್ಷ ಹೀಗೆ ನಡೆಯಿತು. ಕಳೆದ ಆಷಾಢದಲ್ಲಿ ಅತ್ತೆ ತೀರಿಕೊಂಡರು.

ವೈಕುಂಠ ಸಮಾರಾಧನೆಯ ಮರುದಿನ ಬೆಳಿಗ್ಗೆ, ನೆಂಟರೆಲ್ಲ ಹೋದ ಮೇಲೆ, ನಾನು ಕಿಟಕಿಯಲ್ಲಿ ನಿಂತು ಗಿಡಗಳಿಗೆ ನೀರು ಹಾಕುತ್ತಿದ್ದೆ. ಮಾವ ಒಳಗೆ ಬಂದು ಅತ್ತೆಯ ಮಂಚದ ಮೇಲೆ ಮೆಲ್ಲಗೆ ಮಲಗಿದರು. ಅಲ್ಲಿ ಅವರು ಮಲಗಿದ್ದು ಅದೇ ಮೊದಲು. ತಲೆದಿಂಬು ಸರಿಮಾಡಿಕೊಂಡು ಕಿಟಕಿಯ ಕಡೆ ನೋಡಿದರು. ಕತ್ತು ಎತ್ತಿ ನೋಡಿದರು, ಮತ್ತೆ ತಲೆಯಿಟ್ಟು ನೋಡಿದರು.

"ಇಲ್ಲಿಂದ ಹೂವೇ ಕಾಣುವುದಿಲ್ಲವಲ್ಲ," ಎಂದರು. "ಗೋಡೆ ಅಡ್ಡ ಬರ್ತದೆ."

"ಮತ್ತೆ ಅತ್ತೆ ದಿನವಿಡೀ ಏನು ನೋಡುತ್ತಿದ್ದರು ಮಾವ?"

ಅವರು ದಿಂಬಿನ ಮೇಲಿಂದಲೇ ನನ್ನ ಕಡೆ ನೋಡಿದರು.

"ಅಲ್ಲಿ ನಿಂತವರು ಮಾತ್ರ ಕಾಣ್ತಾರೆ," ಎಂದರು.

ನಾನು ತುಂಬ ಹೊತ್ತು ಅಲ್ಲಿಂದ ಕದಲಲಿಲ್ಲ.